ಗಾಳಿ ಕತ್ತರಿ

“ಬಿಡು ಅಣ್ಣ ಅದನ್ನ! ಬಿಡು ಅಂದ್ರೆ ಬಿಡು! ಉಸಿರು ಕಟ್ಟಿ ಸಾಯುತ್ತೆ!”

“ಸಾಯಲ್ಲ. ನೀನು ಬಾಯಿ ಮುಚ್ಕೊಂಡು ಕಾಲು ಹಿಡ್ಕೋ.”

“ನಾನ್ಯಾಕೆ ಹಿಡೀಲಿ? ಅದೇನು ಕುರಿಯಾ, ಉಣ್ಣೆ ಕತ್ತರಿಸೋಕೆ?”

“ಹಿಡ್ಕೋ ಅಂದೆ!”

ತಮ್ಮ ಹಿಡಿಯಲಿಲ್ಲ. ಹಿಡಿಯುವ ಅಗತ್ಯವೂ ಉಳಿಯಲಿಲ್ಲ. ಕ್ಷೌರದ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಇಟ್ಟಿದ್ದ ಹಲಗೆಯಲ್ಲಿ, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು, ಎದುರಿನ ಕನ್ನಡಿಯಲ್ಲಿ ತನ್ನ ಮುಖ ತಾನೇ ಕಂಡು ಹೌಹಾರಿ ಕೂತಿದ್ದ ನಾಯಿ ಒಮ್ಮೆ ಮೈ ಕೊಡವಿತು. ಕತ್ತು ತಿರುಗಿಸಿ ಅಣ್ಣನ ಹೆಬ್ಬೆರಳಿಗೆ ಬಾಯಿ ಹಾಕಿತು. ಅಣ್ಣನ ಕೈಯಲ್ಲಿದ್ದ ಹಲ್ಲುಜ್ಜುವ ಬ್ರಷ್ಷು ಹಾರಿ ಪೌಡರ್ ಡಬ್ಬಿಗೆ ಬಡಿಯಿತು, ಡಬ್ಬಿ ಉರುಳಿತು, ನಾಯಿ ಹಲಗೆಯ ಸಮೇತ ಕೆಳಗೆ ಬಿತ್ತು. ಬಿದ್ದದ್ದೇ ತಡ, ಬಟ್ಟೆಯನ್ನು ಹಿಂದೆ ಎಳೆದುಕೊಂಡು, ಗಿರಾಕಿಗಳು ಕಾಯುವ ಬೆಂಚಿನ ಕೆಳಗೆ ನುಗ್ಗಿ ಗೋಡೆಗೆ ಅಂಟಿಕೊಂಡಿತು.

ಬೆಂಚಿನ ಮೇಲೆ ಪೇಪರ್ ಓದುತ್ತಾ ಕೂತಿದ್ದ ಮುದುಕ ಎರಡೂ ಕಾಲು ಮೇಲೆತ್ತಿದ. ಆತ ಕೂದಲು ಕತ್ತರಿಸಿಕೊಳ್ಳಲು ಬರುವುದು ಮೂರು ತಿಂಗಳಿಗೊಮ್ಮೆ, ಪೇಪರ್ ಓದಲು ಬರುವುದು ದಿನಾ. ಎಲ್ಲರಿಗೂ ಆತ ಪೇಪರ್ ತಾತ.

“ಗಡ್ಡ ಬೇಡವಂತೆ ಕಣಪ್ಪ,” ಎಂದ ತಾತ, “ಬರೀ ಕಟಿಂಗ್ ಸಾಕಂತೆ.”

ಯಾರೂ ನಗಲಿಲ್ಲ. ಅಣ್ಣನ ಹೆಬ್ಬೆರಳಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಗಡ್ಡ ಮಾಡುವಾಗ ಕೊಯ್ದುಹೋದರೆ ಹಚ್ಚುವ ಪಟಿಕದ ಕಲ್ಲನ್ನು ತೆಗೆದು ತಾನೇ ಉಜ್ಜಿಕೊಂಡ. ಉರಿಗೆ ಹಲ್ಲು ಕಚ್ಚಿದ.

“ನೋಡಿದ್ಯಾ?” ಎಂದ ತಮ್ಮ. ಅವನು ಮೊಣಕಾಲೂರಿ, ಬೆಂಚಿನ ಕೆಳಗೆ ಕೈ ಹಾಕಿ, ನಾಯಿಯ ಕುತ್ತಿಗೆಯ ಗಂಟು ಬಿಚ್ಚುತ್ತಿದ್ದ. “ಇದಕ್ಕೇ ಹೇಳಿದ್ದು. ನಿನ್ನ ಕೈಲಿ ಆಗಲ್ಲ. ದೊರೆ ನನ್ನ ಜೊತೆ ಬರ್ತಾನೆ.”

“ಹೋಗೋನು ನೀನು, ನೀನು ಹೋಗು. ಇದು ಅಂಗಡಿ ನಾಯಿ. ಅಂಗಡಿಯಲ್ಲೇ ಇರುತ್ತೆ.”

“ಇದ್ದು ಏನು ಮಾಡಲಿ, ಹಲ್ಲು ಕೊಳೆತು ಸಾಯಲಿ ಅಂತಾನಾ?”

ಮಾತು ಸುಳ್ಳಲ್ಲ. ಅದೇ ಅಣ್ಣನಿಗೆ ಹೆಚ್ಚು ಸಿಟ್ಟು ತರಿಸಿದ್ದು.

ಆ ಅಂಗಡಿಯಲ್ಲಿ ಎರಡು ಕುರ್ಚಿ. ಬಾಗಿಲ ಕಡೆಯದು ಅಣ್ಣನದು, ಒಳಗಡೆಯದು ತಮ್ಮನದು. ಎದುರಿಗೆ ಗೋಡೆಯುದ್ದಕ್ಕೂ ಒಂದೇ ಕನ್ನಡಿ. ಇಪ್ಪತ್ತಾರು ವರ್ಷದಿಂದ ಇಬ್ಬರೂ ಗಿರಾಕಿಗಳ ಬೆನ್ನ ಹಿಂದೆ ನಿಂತು, ಒಬ್ಬರ ಮುಖ ಒಬ್ಬರು ನೇರ ನೋಡದೆ, ಕನ್ನಡಿಯಲ್ಲೇ ನೋಡಿಕೊಂಡು ಮಾತಾಡಿದವರು. ಕನ್ನಡಿಯಲ್ಲೇ ಜಗಳ, ಕನ್ನಡಿಯಲ್ಲೇ ರಾಜಿ. ಒಂಬತ್ತು ವರ್ಷದ ಹಿಂದೆ, ಅರ್ಧ ಎಳೆದ ಷಟರಿನ ಕೆಳಗಿಂದ ಒಂದು ಕಂದು ಬಣ್ಣದ ಗಿಡ್ಡಕಾಲಿನ ಮರಿ ಒಳಗೆ ನುಸುಳಿ, ಗುಡಿಸಿ ಗುಡ್ಡೆ ಹಾಕಿದ್ದ ಕೂದಲ ಮೇಲೆ ಮಲಗಿತು. ಅಣ್ಣ ಮೂರು ಸಲ ಅಟ್ಟಿದ. ನಾಲ್ಕನೇ ಸಲ ಒಂದು ಬನ್ನು ಕೊಟ್ಟ. ಆಮೇಲೆ ಅದು ಕಾಯುವವರ ಬೆಂಚಿನ ತುದಿಯಲ್ಲಿ, ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟುಕೊಂಡು, ಬಂದವರನ್ನೆಲ್ಲ ಮೇಲಿಂದ ಕೆಳಗೆ ನೋಡುತ್ತಾ ಕೂರತೊಡಗಿತು. ದೊರೆ ಎಂಬ ಹೆಸರು ತಾನೇ ಬಂತು.

ಆರು ತಿಂಗಳ ಹಿಂದೆ ದೊರೆಯ ಬಾಯಿ ನಾರತೊಡಗಿತು. ಬೆಂಚಿನಲ್ಲಿ ಅವನ ಪಕ್ಕ ಯಾರೂ ಕೂರದಂತಾಯಿತು. ಪ್ರಾಣಿಗಳ ಡಾಕ್ಟರಮ್ಮ ನಾಲ್ಕು ಹಲ್ಲು ಕಿತ್ತಳು. ಕಿತ್ತ ಮೇಲೆ ದೊರೆಗೆ ಎಚ್ಚರವಾಗಲು ಬಹಳ ಹೊತ್ತು ಹಿಡಿಯಿತು. ಆ ಹೊತ್ತೆಲ್ಲ ಅಣ್ಣ ಆಸ್ಪತ್ರೆಯ ಹೊರಗೆ ನಿಂತು, ಅಲ್ಲಿ ಗಾಡಿ ನಿಲ್ಲಿಸಿದ್ದವರ ಜೊತೆಗೆಲ್ಲ ಜಗಳ ಕಾದಿದ್ದ.

“ಇದರ ಎದೆ ವೀಕ್ ಇದೆ,” ಎಂದಿದ್ದಳು ಡಾಕ್ಟರಮ್ಮ. “ಇನ್ನೊಂದು ಸಲ ಪ್ರಜ್ಞೆ ತಪ್ಪಿಸೋ ಇಂಜೆಕ್ಷನ್ ಕೊಟ್ರೆ ಏಳುತ್ತೆ ಅಂತ ನಾನು ಹೇಳಲ್ಲ. ದಿನಾ ಹಲ್ಲು ಉಜ್ಜಿ. ಉಜ್ಜಲಿಲ್ಲ ಅಂದ್ರೆ ಉಳಿದಿದ್ದೂ ಕೊಳೆಯುತ್ತೆ, ಕೀವು ರಕ್ತಕ್ಕೆ ಸೇರುತ್ತೆ. ಆಮೇಲೆ ನನ್ನ ಹತ್ರ ಹೊತ್ಕೊಂಡು ಬರಬೇಡಿ.”

ಅಂದಿನಿಂದ ಉಜ್ಜುತ್ತಿದ್ದವನು ತಮ್ಮ. ಸಂಜೆ ಅಂಗಡಿಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಏನೋ ಗುನುಗುತ್ತಾ, ಒಂದೊಂದೇ ಹಲ್ಲು. ಅಣ್ಣ ಒಳಗಿಂದ ಮೂಗು ಮುರಿಯುತ್ತಿದ್ದ: “ನಾಯಿಗೆ ಹಲ್ಲುಜ್ಜುತ್ತಾ ಇದೀಯೋ, ಲಾಲಿ ಹಾಡ್ತಾ ಇದೀಯೋ?”

ಈಗ ತಮ್ಮ ಸೇತುವೆಯ ಆಚೆ ಸ್ವಂತ ಅಂಗಡಿ ಹಿಡಿದಿದ್ದ. ಒಂದೇ ಕುರ್ಚಿಯದು. ನಲವತ್ತಮೂರನೇ ವಯಸ್ಸಿನಲ್ಲಿ. ಈ ಸುದ್ದಿಯನ್ನು ಅವನು ಹೇಳಿದ್ದು ಅವತ್ತು ಬೆಳಿಗ್ಗೆ, ಒಬ್ಬ ಗಿರಾಕಿಯ ತಲೆಯ ಮೇಲಿಂದ, ಕನ್ನಡಿಯಲ್ಲಿ. ಅಣ್ಣ ಯಾಕೆ ಹೋಗ್ತೀಯ ಎಂದು ಕೇಳಲಿಲ್ಲ. ಕೇಳಿದ್ದು ಒಂದೇ: “ನಾಯಿ?”

“ನನ್ನ ಜೊತೆ. ಹಲ್ಲು ಯಾರು ಉಜ್ಜುತ್ತಾರೆ ಇಲ್ಲಿ?”

“ನಾನು.”

“ನೀನಾ?”

ಆ ‘ನೀನಾ’ ಎಂಬುದಕ್ಕೇ ಅಣ್ಣ ಮೂಲೆಯಲ್ಲಿದ್ದ ಹಲಗೆ ಎತ್ತಿಕೊಂಡದ್ದು. ಪುಟ್ಟ ಮಕ್ಕಳ ತಲೆ ಕನ್ನಡಿಗೆ ನಿಲುಕಲೆಂದು ಕುರ್ಚಿಗೆ ಅಡ್ಡ ಇಡುವ ಹಲಗೆ ಅದು. ಮಕ್ಕಳನ್ನು ಕೂರಿಸಿದಂತೆ ಕೂರಿಸಿದ, ಮಕ್ಕಳಿಗೆ ಕಟ್ಟಿದಂತೆ ಬಟ್ಟೆ ಕಟ್ಟಿದ, ಗಡ್ಡಕ್ಕೆ ಗದ್ದ ಎತ್ತಿದಂತೆ ಗದ್ದ ಎತ್ತಿದ. ಐವತ್ತೆರಡು ವರ್ಷದ ಕ್ಷೌರಿಕ ಅವನು. ಬಾಯಿ ಅವನ ಎದುರಿಗೆ ಬಂದರೆ ಅದು ಗಿರಾಕಿ. ಬಟ್ಟೆಯೊಳಗೆ ನಾಲ್ಕು ಕಾಲೂ ಸಿಕ್ಕಿಬಿದ್ದ ಪ್ರಾಣಿಗೆ ಹೇಗನ್ನಿಸೀತು ಎಂದು ಯೋಚಿಸುವ ವ್ಯವಧಾನ ಅವನಿಗೆ ಎಲ್ಲಿ?

ಅಷ್ಟರಲ್ಲಿ ಅಣ್ಣನ ಹೆಂಡತಿ ಬಂದಳು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಒಗೆದು ಮಡಿಸಿದ ಅಂಗಡಿಯ ಬಟ್ಟೆಗಳ ಗಂಟು. ಬಾಗಿಲಲ್ಲೇ ನಿಂತು ಬಿಳಿ ಪೌಡರ್ ಚೆಲ್ಲಿದ ನೆಲ, ಗಂಡನ ಹೆಬ್ಬೆರಳು, ಬೆಂಚಿನ ಕೆಳಗೆ ಅರ್ಧ ತೂರಿಕೊಂಡ ಮೈದುನ, ಮೇಲೆ ಕಾಲು ಮಡಿಸಿ ಕೂತ ತಾತ, ಎಲ್ಲವನ್ನೂ ನೋಡಿದಳು.

“ಯಾರು ಯಾರನ್ನ ಕಚ್ಚಿದ್ರು?” ಎಂದಳು.

ಇಬ್ಬರೂ ಒಟ್ಟಿಗೆ ಹೇಳತೊಡಗಿದರು. ಅವಳು ಡಬ್ಬಿಯನ್ನು ಕನ್ನಡಿಯ ಮುಂದಿನ ಹಲಗೆಯ ಮೇಲೆ ಕುಕ್ಕಿದಳು.

“ಸಾಕು ನಿಲ್ಸಿ. ನಿಮ್ಮಪ್ಪ ಹೀಗೇ ಆಡ್ತಿದ್ರಂತೆ, ನೀವೂ ಹೀಗೇ ಆಡ್ತೀರಿ. ನೋಡಪ್ಪ, ನೀನು ಹೋಗೋಕೆ ಇನ್ನು ಎಷ್ಟು ದಿನ ಇದೆ?”

“ಒಂದು ತಿಂಗಳು, ಅತ್ತಿಗೆ.”

“ರೀ, ಕೇಳಿಸ್ತಾ? ಒಂದು ತಿಂಗಳು. ಅವನು ಹೋಗೋ ದಿನ ದೊರೆ ನಿಮ್ಮ ಕೈಗೆ ತಾನಾಗೇ ಬಾಯಿ ಕೊಟ್ರೆ, ಹಿಡ್ಕೊಳ್ಳದೆ, ಕಟ್ಟದೆ, ಆಗ ನಾಯಿ ಇಲ್ಲೇ ಇರುತ್ತೆ. ಕೊಡಲಿಲ್ಲ ಅಂದ್ರೆ ಅವನ ಜೊತೆ ಹೋಗುತ್ತೆ. ಅಲ್ಲಿವರೆಗೆ ಅದರ ಮಾತು ಎತ್ತಿದವರಿಗೆ ಊಟ ಇಲ್ಲ.”

“ನ್ಯಾಯ,” ಎಂದ ಪೇಪರ್ ತಾತ.

“ತಾತ, ನಿಮ್ಮನ್ನ ಯಾರು ಕೇಳಿದ್ರು?”

“ಕೇಳಲಿಲ್ಲ ಅಂತಲೇ ಪುಕ್ಕಟೆ ಹೇಳಿದೆ ಕಣಮ್ಮ.”

ಮೊದಲ ವಾರ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎನ್ನುವುದೂ ತಪ್ಪು, ಇದ್ದದ್ದೂ ಕೆಟ್ಟಿತು. ದೊರೆ ಈಗ ಅಣ್ಣನ ಕುರ್ಚಿಯ ಬಳಿ ಹಾಯುತ್ತಲೇ ಇರಲಿಲ್ಲ. ಬಾಗಿಲಿಗೆ ಹೋಗಬೇಕಾದರೆ ಗೋಡೆಗೆ ಮೈ ಉಜ್ಜಿಕೊಂಡು, ಬಾಲ ಮುದುರಿಕೊಂಡು, ಬೆಂಚಿನ ಹಿಂದಿನಿಂದ ಸುತ್ತಿ ಹೋಗುತ್ತಿದ್ದ. ಅಣ್ಣ ಬಿಸ್ಕತ್ತು ಹಿಡಿದರೆ ಬಿಸ್ಕತ್ತನ್ನು ನೋಡುತ್ತಿದ್ದ, ಕೈಯನ್ನು ನೋಡುತ್ತಿದ್ದ, ಬರುತ್ತಿರಲಿಲ್ಲ. ಅದನ್ನೇ ಅಣ್ಣ ನೆಲದ ಮೇಲಿಟ್ಟು ದೂರ ಸರಿದರೆ ಬಂದು ತಿನ್ನುತ್ತಿದ್ದ. ಒಂಬತ್ತು ವರ್ಷ ಈ ಕೈಯಿಂದಲೇ ತಿಂದ ನಾಯಿ.

ಹಟ ಬಿಡಬೇಕಲ್ಲ! ಅಣ್ಣ ತನ್ನ ಮನೆಯ ಪೇಸ್ಟನ್ನೇ ಬ್ರಷ್ಷಿಗೆ ಹಾಕಿ, ಮಲಗಿದ್ದ ದೊರೆಯ ತುಟಿಗೆ ಮೆಲ್ಲಗೆ ಒರೆಸಿದ. ದೊರೆ ಸೀನಿದ, ಉಗುಳಿದ, ಅಂಗಡಿಯ ತುಂಬ ನೊರೆ ಚೆಲ್ಲಾಡಿದ. ಡಾಕ್ಟರಮ್ಮನಿಗೆ ಗೊತ್ತಾಗಿ ಫೋನಿನಲ್ಲೇ ಚಳಿ ಬಿಡಿಸಿದಳು: “ಮನುಷ್ಯರ ಪೇಸ್ಟ್ ಹೊಟ್ಟೆಗೆ ಹೋದ್ರೆ ನಾಯಿಗೆ ವಿಷ ಆಗಬಹುದು ಕಣ್ರಿ! ನಾನು ಕೊಟ್ಟಿದ್ದು ಎಲ್ಲಿ?” ಆಕೆ ಕೊಟ್ಟದ್ದು ಕೋಳಿಮಾಂಸದ ವಾಸನೆಯ ಪೇಸ್ಟು. ಅದನ್ನು ಮೂಸಿ ಅಣ್ಣ ಮುಖ ತಿರುಗಿಸಿದ್ದ; ಹಲ್ಲುಜ್ಜಲು ಇಂಥದ್ದನ್ನು ಯಾವ ಜೀವ ತಾನೇ ಒಪ್ಪೀತು ಎಂದು ಅವನೇ ತೀರ್ಮಾನ ಮಾಡಿಬಿಟ್ಟಿದ್ದ.

ಸೋಲೆಂದರೆ ಅವನಿಗೆ ಆಗದು. ಆದರೆ ಇದು ಬರೀ ಸೋಲಿನ ಮಾತಾಗಿರಲಿಲ್ಲ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವನು ತನ್ನ ಕುರ್ಚಿಯಲ್ಲಿ ತಾನೇ ಕೂತು ಕನ್ನಡಿ ನೋಡುತ್ತಿದ್ದ. ಈಗ ಅದರಲ್ಲಿ ತಾನು, ಒಳಗಡೆ ತಮ್ಮ, ಹಿಂದೆ ಬೆಂಚಿನ ಮೇಲೆ ದೊರೆ. ತಿಂಗಳು ಮುಗಿದರೆ ತಮ್ಮ ಇರುವುದಿಲ್ಲ. ದೊರೆಯೂ ಇಲ್ಲದಿದ್ದರೆ ದಿನಕ್ಕೆ ಹತ್ತು ಗಂಟೆ ಆ ಉದ್ದ ಕನ್ನಡಿಯಲ್ಲಿ ತನ್ನ ಮುಖವೊಂದನ್ನೇ ನೋಡುತ್ತಾ ನಿಲ್ಲಬೇಕು. ಆ ಮುಖ ಅವನಿಗೇನೂ ಅಷ್ಟು ಇಷ್ಟದ್ದಾಗಿರಲಿಲ್ಲ. ತಮ್ಮನನ್ನು ಇರು ಎಂದು ಕೇಳಲು ಬಾಯಿ ಬಾರದು. ನಾಯಿಯನ್ನಾದರೂ ಉಳಿಸಿಕೊಳ್ಳಬೇಕು.

ಎರಡನೇ ವಾರದ ಒಂದು ಬೆಳಿಗ್ಗೆ ಒಬ್ಬಳು ತಾಯಿ ತನ್ನ ಮೂರು ವರ್ಷದ ಮಗಳನ್ನು ಎತ್ತಿಕೊಂಡು ಬಂದಳು. ಹುಡುಗಿ ಬಾಗಿಲಲ್ಲೇ ರಂಪ ತೆಗೆದಿದ್ದಳು. ಮೊದಲನೇ ಕ್ಷೌರ. ಕತ್ತರಿ ಕಂಡದ್ದೇ ಕಿವಿ ಎರಡೂ ಮುಚ್ಚಿಕೊಂಡು ಕಿರುಚಿದಳು.

“ಕೆಳಗಿಳಿಸಮ್ಮ ಅವಳನ್ನ,” ಎಂದ ಅಣ್ಣ. “ಯಾರೂ ಏನೂ ಮಾಡಲ್ಲ.”

ದೊಡ್ಡವರಿಗೆ ಅಣ್ಣನ ಬಾಯೆಂದರೆ ಭಯ. ಕುತ್ತಿಗೆ ಅಲುಗಾಡಿಸಿದ ಗಿರಾಕಿಗೆ “ತಲೆ ಬಿಟ್ಟು ಹೋಗು, ನಾಳೆ ಬಂದು ತಗೊಂಡು ಹೋಗು” ಎಂದು ಗದರಿದವನು ಅವನು. ಆದರೆ ಸುತ್ತಲಿನ ಬೀದಿಗಳ ತಾಯಂದಿರೆಲ್ಲ ಅಳುವ ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದದ್ದು ಅವನ ಕುರ್ಚಿಗೇ. ಅವನ ಹತ್ತಿರ ಒಂದು ವಿದ್ಯೆಯಿತ್ತು. ಮಗುವಿನ ಕಡೆ ನೋಡದೆಯೇ ನಾಲ್ಕು ಹೆಜ್ಜೆ ದೂರ ನಿಂತು, ಕತ್ತರಿಯನ್ನು ಬರೀ ಗಾಳಿಗೆ ಆಡಿಸುವುದು. ಕಿಚ್ ಕಿಚ್, ಕಿಚ್ ಕಿಚ್. ಏನನ್ನೂ ಕತ್ತರಿಸುವುದಿಲ್ಲ. ಆಮೇಲೆ ಒಂದು ಹೆಜ್ಜೆ ಹತ್ತಿರ. ಮತ್ತೆ ಗಾಳಿಗೆ. ಮಗು ಅಳು ನಿಲ್ಲಿಸಿ ಏನಿದು ಎಂದು ನೋಡುವ ತನಕ. ನೋಡಿದರೆ, ಬಾಚಣಿಗೆಯನ್ನು ಅದರ ಕೈಗೇ ಕೊಡುವುದು. ಅಣ್ಣತಮ್ಮಂದಿರು ಇದನ್ನು ‘ಗಾಳಿ ಕತ್ತರಿ’ ಎನ್ನುತ್ತಿದ್ದರು.

ಅವತ್ತೂ ಹಾಗೇ ಮಾಡಿದ. ಕಾಲು ಗಂಟೆ ಕಳೆಯಿತು. ಹುಡುಗಿ ಬಾಚಣಿಗೆ ಹಿಡಿದು ಅಣ್ಣನ ಮೀಸೆಯನ್ನೇ ಬಾಚಿದಳು. ಆದರೆ ಕತ್ತರಿ ಕಿವಿಯ ಹತ್ತಿರ ಬಂದಾಗ ಮತ್ತೆ ತುಟಿ ನಡುಗಿತು.

“ಆಯ್ತು, ಇವತ್ತಿಗೆ ಸಾಕು,” ಎಂದ ಅಣ್ಣ. “ಇವತ್ತು ಆಗಲಿಲ್ಲ ಅಂದ್ರೆ ನಾಳೆ. ಕೂದಲು ಎಲ್ಲೂ ಓಡಿ ಹೋಗಲ್ಲ. ಅಲ್ವೇನಮ್ಮ, ಪುಟ್ಟಕ್ಕ?”

ತಾಯಿ ಮಗಳು ಹೋದರು. ಅಣ್ಣ ಕತ್ತರಿಯನ್ನು ಒರೆಸಲೆಂದು ತಿರುಗಿದಾಗ ಕನ್ನಡಿಯಲ್ಲಿ ಕಂಡಿತು: ಬೆಂಚಿನ ಕೆಳಗಿಂದ ದೊರೆಯ ಮೂತಿ ಹೊರಗೆ ಬಂದಿತ್ತು. ಎರಡು ಕಿವಿಯೂ ನೆಟ್ಟಗೆ ನಿಂತು ಕತ್ತರಿಯ ಕಡೆಗೇ ತಿರುಗಿದ್ದವು. ವಾರದಿಂದ ಮೊದಲ ಸಲ ಅವನು ಅಣ್ಣನನ್ನು ನೋಡುತ್ತಿದ್ದ, ಕೈಯನ್ನಲ್ಲ, ಮುಖವನ್ನು.

ಅಣ್ಣ ಒರೆಸುವ ಬಟ್ಟೆ ಹಿಡಿದು ಹಾಗೇ ನಿಂತ. ‘ಎಂಥ ಮುಠ್ಠಾಳ ನಾನು,’ ಎಂದುಕೊಂಡ. ಮಕ್ಕಳ ಹಲಗೆ ತಂದೆ, ಮಕ್ಕಳ ಬಟ್ಟೆ ತಂದೆ. ತರಬೇಕಾದ್ದನ್ನೇ ತರಲಿಲ್ಲ.

ಅವತ್ತು ಮಧ್ಯಾಹ್ನ ತಮ್ಮ ಹೊಸ ಅಂಗಡಿಗೆ ಬಣ್ಣ ಹೊಡೆಸಲು ಹೋದ. ಅಣ್ಣ ನೆಲದ ಮೇಲೆ, ಬೆಂಚಿನಿಂದ ನಾಲ್ಕು ಹೆಜ್ಜೆ ದೂರ, ಗೋಡೆಗೆ ಒರಗಿ ಕೂತ. ಕೈಯಲ್ಲಿ ದೊರೆಯ ಬ್ರಷ್ಷು. ದೊರೆಯ ಕಡೆ ನೋಡಲಿಲ್ಲ. ಬ್ರಷ್ಷನ್ನು ತನ್ನ ಅಂಗೈಗೆ ಉಜ್ಜಿಕೊಳ್ಳುತ್ತಾ ಕೂತ. ಸೊರ ಸೊರ, ಸೊರ ಸೊರ.

“ಕೈಗೆ ಹಲ್ಲು ಬಂತೇನಪ್ಪ?” ಎಂದ ಪೇಪರ್ ತಾತ.

“ನೀವು ಪೇಪರ್ ಓದಿ ತಾತ.”

“ಓದ್ತಾ ಇದೀನಿ. ಅದರಲ್ಲಿ ಇಷ್ಟು ಮಜಾ ಇಲ್ಲ.”

ಮೂರು ದಿನ ಬರೀ ಇಷ್ಟೇ. ನಾಲ್ಕನೇ ದಿನ ದೊರೆ ಬೆಂಚಿನ ಕೆಳಗಿಂದ ಬಂದು ಬ್ರಷ್ಷನ್ನು ಮೂಸಿ ಹಿಂದೆ ಸರಿದ. ಅಣ್ಣ ಕೈ ಅಲುಗಿಸಲಿಲ್ಲ. ಮರುದಿನ ಬೆರಳ ತುದಿಗೆ ಕೋಳಿಯ ಪೇಸ್ಟು ಹಚ್ಚಿ, ಉಸಿರು ಬಿಗಿ ಹಿಡಿದು ಕೂತ. ದೊರೆ ನೆಕ್ಕಿದ. ಕಚ್ಚಿದ ಹೆಬ್ಬೆರಳನ್ನೇ ಮೊದಲು ನೆಕ್ಕಿದ. ಗಾಯ ಒಣಗಿ ಕಪ್ಪಾಗಿತ್ತು. ಅಣ್ಣನಿಗೆ ಕಣ್ಣು ತುಂಬಿಕೊಂಡಿತು. ವಾಸನೆಗೆ ಎಂದು ತಾತನಿಗೆ ಹೇಳಿದ.

ಗಿರಾಕಿಯ ಕುತ್ತಿಗೆಯಿಂದ ಕೂದಲು ಕೊಡವುವ ಮೆತ್ತನೆಯ ಕುಂಚದಿಂದ ದೊರೆಯ ಕೆನ್ನೆ ಸವರಿದ. ಅದು ಅವನಿಗೆ ಹಿತವಾಯಿತು. ಕೆನ್ನೆಯಿಂದ ತುಟಿಗೆ ಬಂದ. ಆಮೇಲೆ ಬೆರಳಿನಿಂದ ತುಟಿಯ ಅಂಚನ್ನು ಒಂದೇ ಒಂದು ಕ್ಷಣ ಎತ್ತಿ ಬಿಟ್ಟ. ಮಾರನೆಯ ದಿನ ಎರಡು ಕ್ಷಣ. ನಡುವೆ ಒಂದು ದಿನ ಯಾರೋ ಗಿರಾಕಿ ಕಿವಿಯ ಮೇಲಿನ ಕೂದಲು ಓರೆಯಾಯಿತೆಂದು ತಗಾದೆ ತೆಗೆದ. ಅಣ್ಣ ಅಂಗಡಿ ಹಾರಿಹೋಗುವಂತೆ ಕೂಗಾಡಿದ. ಮಧ್ಯಾಹ್ನ ದೊರೆ ಬೆಂಚಿನ ಕೆಳಗಿಂದ ಹೊರಗೇ ಬರಲಿಲ್ಲ. ಅಷ್ಟು ದಿನದ ಕೆಲಸ ಒಂದು ಕೂಗಿಗೆ ಹೋಯಿತು. ಮತ್ತೆ ಮೊದಲಿಂದ, ಗೋಡೆಗೆ ಒರಗಿ, ಸೊರ ಸೊರ. ಅಂದಿನಿಂದ ಅಣ್ಣ ಸಿಟ್ಟು ಬಂದರೆ ಕತ್ತರಿ ಇಟ್ಟು, ಬೀದಿಯ ತಿರುವಿನವರೆಗೆ ನಡೆದು ಹೋಗಿ, ಅಲ್ಲಿನ ದೀಪದ ಕಂಬಕ್ಕೆ ನಾಲ್ಕು ಮಾತು ಬೈದು ಬರುತ್ತಿದ್ದ. ಬೀದಿಯವರೆಲ್ಲ ಅವನಿಗೇನೋ ಆಗಿದೆ ಎಂದುಕೊಂಡರು.

ಮಧ್ಯಾಹ್ನದ ಹೊತ್ತು ಹೊಸ ಅಂಗಡಿಯಲ್ಲಿರುತ್ತಿದ್ದ ತಮ್ಮ ಇದ್ಯಾವುದನ್ನೂ ನೋಡಲಿಲ್ಲ. ಅಣ್ಣ ತೋರಿಸಲಿಲ್ಲ. ಕೊನೆಯ ದಿನ ತೋರಿಸಿ ‘ನೀನಾ’ ಎಂದವನ ಬಾಯಿ ಮುಚ್ಚಿಸಬೇಕು ಎಂಬುದು ಅವನ ಲೆಕ್ಕ. ತಮ್ಮ ಎಂದಿನಂತೆ ಸಂಜೆ ಹಿಂಬಾಗಿಲ ಮೆಟ್ಟಿಲಲ್ಲಿ ಗುನುಗುತ್ತಾ ಉಜ್ಜುತ್ತಿದ್ದ.

ತಮ್ಮ ಹೊರಡಲು ಐದು ದಿನ ಇದ್ದಾಗ ಒಂದು ಸಣ್ಣ ಸಂಗತಿ ನಡೆಯಿತು. ಇಬ್ಬರೂ ಅಕ್ಕಪಕ್ಕ ಕೆಲಸ ಮಾಡುತ್ತಿದ್ದರು. ಪೌಡರ್ ಡಬ್ಬಿ ತಮ್ಮನ ತಲೆಯ ಮೇಲಿನ ಗೂಡಿನಲ್ಲಿತ್ತು. ಅಣ್ಣ ಅದನ್ನು ತೆಗೆಯಲು ಸರಕ್ಕನೆ ಕೈ ಎತ್ತಿದ. ಕನ್ನಡಿಯಲ್ಲಿ ತಮ್ಮನ ಭುಜ ಒಂದು ಬೆರಳಷ್ಟು ಕೆಳಗಿಳಿಯಿತು, ಕತ್ತು ಒಳಗೆ ಹೋಯಿತು. ಒಂದು ಕ್ಷಣ, ಅಷ್ಟೇ. ಮರುಕ್ಷಣ ಅವನು ಕೂದಲು ಕತ್ತರಿಸುತ್ತಲೇ ಇದ್ದ. ಇಪ್ಪತ್ತಾರು ವರ್ಷದಲ್ಲಿ ಇದು ಸಾವಿರ ಸಲ ಆಗಿರಬೇಕು. ಅಣ್ಣ ನೋಡಿದ್ದು ಇದೇ ಮೊದಲು. ಬೆಂಚಿನ ಮೇಲೆ ಕೂತಿದ್ದ ದೊರೆ ಅದೇ ಕೈಯನ್ನು ಕಂಡು ಅಲುಗಲೂ ಇಲ್ಲ, ಆಕಳಿಸಿದ.

ಹದಿನೇಳಕ್ಕೆ ಅಂಗಡಿಗೆ ಬಂದವನು ತಮ್ಮ. ಅಪ್ಪ ತೀರಿಕೊಂಡ ವರ್ಷ. ಅಣ್ಣನೇ ಕೆಲಸ ಕಲಿಸಿದ್ದು. ಕತ್ತರಿ ಹಿಡಿದ ಬೆರಳು ತಪ್ಪಿದರೆ ಬಾಚಣಿಗೆಯ ಅಂಚಿನಿಂದ ಗೆಣ್ಣಿನ ಮೇಲೆ ಒಂದು ಏಟು. ಬ್ಲೇಡು ನಡುಗಿದರೆ ತಲೆಯ ಹಿಂಭಾಗಕ್ಕೆ ಒಂದು, ಗಿರಾಕಿಯ ಎದುರಿಗೇ. ಅಪ್ಪ ಅಣ್ಣನಿಗೆ ಕಲಿಸಿದ್ದೂ ಹಾಗೇ. ಬೇಗ ಕಲಿಯಲಿ ಎಂದು, ಕೈ ಗಟ್ಟಿಯಾಗಲಿ ಎಂದು. ಗಟ್ಟಿಯೂ ಆಯಿತು, ತಮ್ಮನ ಕೈಯಷ್ಟು ನಯವಾದ ಕೈ ಆ ಕಡೆ ಯಾರದೂ ಇರಲಿಲ್ಲ.

ಅಣ್ಣನ ಕೈ ಡಬ್ಬಿಯ ಮೇಲೇ ನಿಂತಿತು. ತಮ್ಮನಿಗೆ ಏನಾದರೂ ಹೇಳಬೇಕು ಎನಿಸಿತು. ಕನ್ನಡಿಯಲ್ಲಿ ತಮ್ಮನ ಕಣ್ಣು ಸಿಕ್ಕಿತು.

“ಏನಣ್ಣ?”

“ಏನಿಲ್ಲ. ಆ ಬಟ್ಟೆ ಒದರು, ಕೂದಲು ತುಂಬಿದೆ.”

ಕೊನೆಯ ದಿನ ಬಂತು. ತಮ್ಮ ತನ್ನ ಎರಡು ಕತ್ತರಿ, ನಾಲ್ಕು ಬಾಚಣಿಗೆ, ರೇಜರ್, ಕುಂಚ ಎಲ್ಲವನ್ನೂ ಒಂದು ಬಟ್ಟೆಯಲ್ಲಿ ಸುತ್ತಿ ದಾರ ಕಟ್ಟಿದ. ಅತ್ತಿಗೆ ಬಂದು ಬೆಂಚಿನ ಮೇಲೆ ಕೂತಳು, ಪಕ್ಕದಲ್ಲಿ ಪೇಪರ್ ತಾತ. ಪೇಪರ್ ಅವತ್ತು ಮಡಿಸಿಯೇ ಇತ್ತು. ವಾರದ ರಜೆಯ ದಿನ ತಮ್ಮ ತನ್ನ ಹೆಂಡತಿ ಸಮೇತ ಊಟಕ್ಕೆ ಬರಬೇಕು ಎಂದು ಮಾತಾಗಿತ್ತು. ಅತ್ತಿಗೆ ಅವತ್ತಿಗೆ ಏನು ಅಡಿಗೆ ಎಂಬುದನ್ನೂ ಹೇಳಿಬಿಟ್ಟಿದ್ದಳು.

“ಸರಿ,” ಎಂದಳು ಅವಳು, “ನಿಮ್ಮ ಪರೀಕ್ಷೆ ಶುರು ಮಾಡ್ರಿ.”

ಅಣ್ಣ ನೆಲದ ಮೇಲೆ ಕೂತ. ತಮ್ಮ ಒಳಗಡೆಯ ಕುರ್ಚಿಗೆ ಒರಗಿ ನಿಂತಿದ್ದ, ಸುತ್ತಿದ ಬಟ್ಟೆಯನ್ನು ಕಂಕುಳಲ್ಲಿ ಹಿಡಿದು, ಸೋಲು ನೋಡಲು ಬಂದವನ ಮುಖದಲ್ಲಿ ಅಲ್ಲ, ಸೋತ ಮೇಲೆ ಏನು ಹೇಳಿ ಸಮಾಧಾನ ಮಾಡಲಿ ಎಂದು ಯೋಚಿಸುವವನ ಮುಖದಲ್ಲಿ. ಅಣ್ಣ ದೊರೆಯನ್ನು ಕರೆಯಲಿಲ್ಲ. ಬ್ರಷ್ಷನ್ನು ಅಂಗೈಗೆ ಉಜ್ಜಿದ. ಸೊರ ಸೊರ. ದೊರೆ ಬೆಂಚಿನಿಂದ ಇಳಿದು, ಮೈ ಮುರಿದು, ಬಂದು ಅವನ ತೊಡೆಯ ಪಕ್ಕ ಕೂತ.

“ಬಂದ್ಯಾ ದೊರೆ? ಬಾ. ಅವಸರ ಇಲ್ಲ.” ಅಣ್ಣನ ದನಿ ತಗ್ಗಿತ್ತು. ಕುಂಚದಿಂದ ಕೆನ್ನೆ ಸವರಿದ. ಬೆರಳು ನೆಕ್ಕಿಸಿದ. ತುಟಿ ಎತ್ತಿದ. “ಮೆಲ್ಲಗೆ. ನೋಡು, ಏನೂ ಇಲ್ಲ. ನಡುಗಿದ್ಯಾ? ನಡುಗಲಿ ಬಿಡು. ಎಲ್ಲರೂ ನಡುಗ್ತಾರೆ. ಇವತ್ತು ಆಗಲಿಲ್ಲ ಅಂದ್ರೆ ನಾಳೆ. ಯಾರೂ ಬಯ್ಯಲ್ಲ. ಯಾರೂ ಹೊಡೆಯಲ್ಲ.”

ದೊರೆ ಕಣ್ಣು ಅರೆ ಮುಚ್ಚಿದ. ಬ್ರಷ್ಷು ಕೋರೆಹಲ್ಲಿನ ಮೇಲೆ ಹೋಯಿತು, ಹಿಂದಿನ ದವಡೆಗೆ ಹೋಯಿತು, ಹಲ್ಲು ಕಿತ್ತ ಜಾಗವನ್ನು ಬಿಟ್ಟು ದಾಟಿತು. ಒಂದು ಕಡೆ ಮುಗಿಯಿತು. ಅಣ್ಣ ಕೈ ತೆಗೆದು ಕಾದ. ದೊರೆ ತಾನಾಗಿಯೇ ಕತ್ತು ತಿರುಗಿಸಿ ಇನ್ನೊಂದು ಕೆನ್ನೆ ಕೊಟ್ಟ.

“ಅಬ್ಬಾ!” ಎಂದ ಪೇಪರ್ ತಾತ. “ನನ್ನ ಹಲ್ಲೂ ಉಜ್ಜಿಬಿಡಪ್ಪ. ಎರಡೇ ಇರೋದು.”

ಅತ್ತಿಗೆ ನಕ್ಕಳು. ಅಣ್ಣನೂ ನಕ್ಕ. ಗೆದ್ದ ನಗೆಯಲ್ಲಿ ತಲೆ ಎತ್ತಿ ತಮ್ಮನನ್ನು ನೋಡಿದ. ಕನ್ನಡಿಯಲ್ಲಲ್ಲ, ನೇರವಾಗಿ.

ತಮ್ಮ ನಗುತ್ತಿರಲಿಲ್ಲ. ಮುಖದ ರಕ್ತ ಇಳಿದುಹೋಗಿತ್ತು.

“ಯಾರು ಹೇಳಿಕೊಟ್ರು?” ಎಂದು ಕೇಳಿದ.

“ಹೇಳಿಕೊಡೋಕೆ ಯಾರು ಬೇಕು? ಮಕ್ಕಳಿಗೆ ಮಾಡ್ತೀನಲ್ಲ, ಗಾಳಿ ಕತ್ತರಿ, ಅದೇ. ಹೊಸದೇನು? ನನಗೆ ಮೊದಲಿಂದಲೂ ಬರುತ್ತೆ.”

“ಮೊದಲಿಂದಲೂ?”

“ಮತ್ತೆ? ಮನಸ್ಸು ಮಾಡಬೇಕು ಅಷ್ಟೇ.”

ತಮ್ಮ ತನ್ನ ಬಲಗೈಯ ಗೆಣ್ಣುಗಳನ್ನು ನೋಡಿಕೊಂಡ. ಬೆರಳು ಮಡಿಸಿದ, ಬಿಡಿಸಿದ.

“ಮಕ್ಕಳಿಗೆ ಮಾಡೋದು ಗೊತ್ತಿತ್ತು ಅಣ್ಣ. ಅದು ಗಿರಾಕಿಗೆ ಅಂದ್ಕೊಂಡಿದ್ದೆ. ಅಂಗಡಿ ನಡೀಬೇಕಲ್ಲ ಅಂತ. ನಮ್ಮೋರು ಅಂತ ಬಂದ್ರೆ ನಿನಗೆ ಬರಲ್ಲ, ಅಪ್ಪ ನಿನಗೆ ಅದನ್ನ ಕಲಿಸಲಿಲ್ಲ ಅಂದ್ಕೊಂಡಿದ್ದೆ. ಪಾಪ, ಅಣ್ಣನಿಗೆ ಬರಲ್ಲ, ಬರದಿದ್ದಕ್ಕೆ ಏನು ಮಾಡೋಕಾಗುತ್ತೆ ಅಂತ. ಇಪ್ಪತ್ತಾರು ವರ್ಷ ಹಾಗಂದ್ಕೊಂಡೇ ಇಲ್ಲಿ ನಿಂತೆ.”

ದನಿ ಏರಿರಲಿಲ್ಲ.

“ಬರುತ್ತಿತ್ತು ನಿನಗೆ,” ಎಂದ ತಮ್ಮ.

ಅವನು ಬಗ್ಗಿ ದೊರೆಯ ತಲೆ ಸವರಿದ. “ನಿನ್ನದೇ ನಾಯಿ. ಚೆನ್ನಾಗಿ ನೋಡ್ಕೋತೀಯ. ಅತ್ತಿಗೆ, ಬರ್ತೀನಿ.”

“ರಜೆ ದಿನ ಊಟಕ್ಕೆ…” ಎಂದು ಅತ್ತಿಗೆ ಎದ್ದು ನಿಂತಳು. ಅವನು ತಲೆ ಆಡಿಸಿದನೋ ಇಲ್ಲವೋ ಯಾರಿಗೂ ಸರಿಯಾಗಿ ಕಾಣಲಿಲ್ಲ. ಅವನು ಬಾಗಿಲ ಕಡೆ ನಡೆದ. ಅಣ್ಣನ ಕಣ್ಣು ಅಭ್ಯಾಸಬಲದಿಂದ ಕನ್ನಡಿಗೆ ಹೋಯಿತು. ಕನ್ನಡಿಯಲ್ಲಿ ಹೊರಗೆ ಹೋಗುವವರು ಒಳಗೊಳಗೆ ಹೋಗುತ್ತಾರೆ. ಆ ಬೆನ್ನು ಗಾಜಿನ ಆಳಕ್ಕೆ ನಡೆದು, ಅಲ್ಲಿಯ ಬೆಳಕಿನ ಬಾಗಿಲಲ್ಲಿ ಸಣ್ಣದಾಗಿ, ಎಡಕ್ಕೆ ತಿರುಗಿ ಇಲ್ಲವಾಯಿತು.

“ಏನಾದ್ರೂ ಹೇಳ್ರೀ,” ಎಂದಳು ಹೆಂಡತಿ. “ಎದ್ದು ಹೋಗ್ರೀ. ಕೂಗ್ರೀ!”

ಜೀವಮಾನವೆಲ್ಲ ಕೂಗಿದವನು ಅವನು. ಅವತ್ತು ಬಾಯಿ ತೆರೆದ, ದನಿ ಹೊರಡಲಿಲ್ಲ. ಕೈಯಲ್ಲಿ ಬ್ರಷ್ಷು ಹಾಗೇ ಇತ್ತು. ದೊರೆ ಇನ್ನೊಂದು ಕೆನ್ನೆ ಕೊಟ್ಟು ಕೂತೇ ಇದ್ದ. ಬಹಳ ಹೊತ್ತು ಕಾದು, ಉಜ್ಜುವವನ ಕೈ ಬಾರದ್ದನ್ನು ಕಂಡು, ಎದ್ದು ಬಾಗಿಲಿಗೆ ಹೋಗಿ ಬೀದಿ ನೋಡುತ್ತಾ ನಿಂತ.

ಒಳಗಡೆಯ ಕುರ್ಚಿಯ ಹಿಂದಿನ ಮೊಳೆಗೆ ತಮ್ಮನ ಬಿಳಿ ಕೋಟು ನೇತಾಡುತ್ತಿತ್ತು. ಮರೆತು ಬಿಟ್ಟಿದ್ದಾನೆ, ಅದಕ್ಕಾದರೂ ಬರುತ್ತಾನೆ ಎಂದಳು ಅತ್ತಿಗೆ. ಒಗೆದು, ಇಸ್ತ್ರಿ ಮಾಡಿಸಿ, ಅದೇ ಮೊಳೆಗೆ ಹಾಕಿದಳು. ರಜೆಯ ದಿನ ಅಡಿಗೆ ಮಾಡಿ ಕಾದಳು. ಮುಂದಿನ ರಜೆಗೂ ಮಾಡಿದಳು. ಅದರ ಮುಂದಿನದಕ್ಕೆ ಮಾಡಲಿಲ್ಲ.

ಅವನು ಬರಲಿಲ್ಲ.